ಹತ್ತನೇ ಕ್ಲಾಸಿಗೆ ಬಂದ ರೈಡರ್

ಆಗಸ್ಟ್ ಬಂತೆಂದರೆ ನನಗೆ ಲಕ್ಕೂರಿನ ನೆನಪಾಗುತ್ತದೆ. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳ ಕಾಲ ಅದು. ಸುಣ್ಣದ ಗೆರೆ ಎಳೆದ ಮಣ್ಣಿನ ಅಂಕಣ, ಸುತ್ತ ಮುತ್ತಿಕೊಂಡ ಜನ, ನಡುವೆ ಪಿ.ಟಿ. ಮೇಷ್ಟ್ರ ಸೀಟಿ. ಇಲ್ಲಿ ಗೆದ್ದವರು ಮಾಲೂರಿಗೆ ಹೋಗಿ ಮಾಸ್ತಿ, ಟೇಕಲ್, ಕಸಬಾ ಹೋಬಳಿಯ ಮಕ್ಕಳ ಎದುರು ತೊಡೆ ತಟ್ಟಬೇಕು. ಅಲ್ಲೂ ಗೆದ್ದರೆ ಕೋಲಾರ, ಆಮೇಲೆ ವಿಭಾಗ, ರಾಜ್ಯ.

ಕಬಡ್ಡಿ ನೋಡಲು ಹೋದಾಗ ನನ್ನ ಕಣ್ಣು ಮೊದಲು ಹುಡುಕುವುದು ಬಾರದೆ ಉಳಿದವರನ್ನು. ಒಂಬತ್ತನೇ ಕ್ಲಾಸಿನಲ್ಲಿ ಎಡ ಕಾರ್ನರ್ ಕಾಯುತ್ತಿದ್ದ ಹುಡುಗ ಮರುವರ್ಷ ಕಾಣುವುದಿಲ್ಲ. ಕೇಳಿದರೆ, "ಈ ಸಲ ಎಸ್ಸೆಸ್ಸೆಲ್ಸಿ ಸಾರ್, ಅವರಪ್ಪ ಬಿಡ್ಲಿಲ್ಲ." ಹುಡುಗಿಯರ ತಂಡದಲ್ಲಿ ಈ ಖಾಲಿ ಜಾಗ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ.

ಆ ಅಪ್ಪನ ಭಯ ಸುಳ್ಳಲ್ಲ. ತಂಡ ಒಂದೊಂದು ಮೆಟ್ಟಿಲು ಹತ್ತಿದಂತೆ ತರಗತಿಯ ದಿನಗಳು ಜಾರುತ್ತವೆ. ಬೀಜಗಣಿತದ ಒಂದು ಪಾಠ ತಪ್ಪಿದರೆ ಮುಂದಿನ ಮೂರು ತಲೆಗೆ ಹತ್ತುವುದಿಲ್ಲ. ಆದರೆ ಓಡಾಟದಿಂದಲೇ ಓದು ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ 20 ನಿಮಿಷ ನಡೆದ ಮಕ್ಕಳು ಗಮನದ ಪರೀಕ್ಷೆಯಲ್ಲೂ ಓದಿನ ಪರೀಕ್ಷೆಯಲ್ಲೂ ಹೆಚ್ಚು ಚೆನ್ನಾಗಿ ಮಾಡಿದ್ದರು.

ಅದು ನಡಿಗೆಯ ಮಾತಾಯಿತು. ಪಂದ್ಯದ ಹುರುಪೇ ಬೇರೆ. ರೈಡಿಗೆ ಹೋದ ಹುಡುಗನಿಗೆ ಇರುವುದು 30 ಸೆಕೆಂಡು. ಬಾಯಲ್ಲಿ ಕಬಡ್ಡಿ ನಿಲ್ಲಬಾರದು. ಎದುರಿಗೆ ಆರು ಜನವಾದರೂ ಇದ್ದರೆ ಮಾತ್ರ ಬೋನಸ್ ಗೆರೆಯ ಆಸೆ. ಸರಪಳಿ ಯಾವ ಕಡೆಯಿಂದ ಮುಚ್ಚಿಕೊಳ್ಳುತ್ತಿದೆ, ನಮ್ಮವರು ಎಷ್ಟು ಜನ ಹೊರಗಿದ್ದಾರೆ, ಇದೆಲ್ಲ ಒಂದೇ ಉಸಿರಿನಲ್ಲಿ ಲೆಕ್ಕ ಹಾಕಬೇಕು. ಇದರಿಂದ ಗಣಿತದಲ್ಲಿ ಅಂಕ ಸುರಿಯುತ್ತದೆ ಎಂದು ನಾನು ಹೇಳಲಾರೆ. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಬೇರೆ. ಕಬಡ್ಡಿಯಲ್ಲಿ ಔಟಾದವನು ಮನೆಗೆ ಹೋಗುವುದಿಲ್ಲ. ಗೆರೆಯಾಚೆ ಕೂತು, ತನ್ನವನೊಬ್ಬ ಪಾಯಿಂಟ್ ತಂದ ಕೂಡಲೇ ಎದ್ದು ಒಳಗೆ ಬರುತ್ತಾನೆ. ಕಿರುಪರೀಕ್ಷೆಯಲ್ಲಿ ಹನ್ನೆರಡು ಅಂಕ ಬಂದ ದಿನ ಮಗುವಿಗೆ ಬೇಕಾದದ್ದೂ ಇದೇ ಅಭ್ಯಾಸ.

ನಮ್ಮ ಎರಪಳ್ಳಿ ಪ್ರಸನ್ನ ಅವರನ್ನು ನೆನೆಯಿರಿ. 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್‌ಗೂ ಹೋಗಿಬಂದ ಮೇಲೆ, ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಲು ದೊಡ್ಡ ಕ್ರಿಕೆಟ್ಟಿನಿಂದ ದೂರ ಉಳಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಒಟ್ಟು 49 ಟೆಸ್ಟ್, 189 ವಿಕೆಟ್. ಓದನ್ನೂ ಆಟವನ್ನೂ ಉಳಿಸಿಕೊಂಡರು, ನಿಜ. ಆದರೆ ಆಫ್ ಸ್ಪಿನ್ನರ್ ಇಪ್ಪತ್ತಾರಕ್ಕೆ ಮರಳಬಲ್ಲ. ಹದಿನೈದಕ್ಕೆ ಅಂಕಣ ಬಿಟ್ಟ ಹಳ್ಳಿಯ ಕಾರ್ನರ್ ಆಟಗಾರ ಮರಳಿದ್ದನ್ನು ನಾನು ಅಪರೂಪವಾಗಿ ಕಂಡಿದ್ದೇನೆ.

ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ ಒಂದೇ. ತಂಡವನ್ನು ಮಾಲೂರಿಗೆ ಕಳಿಸುವ ದಿನವೇ, ಅಂದು ಯಾವ ಪಾಠ ತಪ್ಪುತ್ತದೆ ಎಂದು ಬರೆದಿಡಿ. ಮಕ್ಕಳು ವಾಪಸಾದ ವಾರ ಗಣಿತ, ವಿಜ್ಞಾನದ ಮೇಷ್ಟ್ರು ನಾಲ್ಕು ಸಂಜೆ ಅವರನ್ನು ಕೂರಿಸಿಕೊಂಡು ಆ ಪಾಠ ಹೇಳಿಕೊಡಲಿ. ಹಾಗೆ ಮಾಡುತ್ತೇವೆಂದು ಅಪ್ಪನನ್ನು ಕರೆದು ಮೊದಲೇ ತಿಳಿಸಿ. ಅವರು ಖಂಡಿತ ಕಳಿಸಿಕೊಡುತ್ತಾರೆ.