ಮೆಗಾಪಿಕ್ಸೆಲ್‌ಗಿಂತ ಮೊದಲು ಮೀಟರ್

ಅಂಗಡಿ, ಗೋದಾಮು, ಕಾರ್ಖಾನೆಗೆ ಐಪಿ ಕ್ಯಾಮೆರಾ ಕೊಳ್ಳುವವರು ಮೊದಲು ಅಳೆಯಬೇಕಾದದ್ದು ಕಾಯಬೇಕಾದ ಜಾಗದ ಅಗಲವನ್ನು. ಐಇಸಿ 62676-4 ಮಾನದಂಡದ 2014ರ ಆವೃತ್ತಿಯ ಪ್ರಕಾರ ಅಪರಿಚಿತನ ಮುಖ ಗುರುತಿಸಲು ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಪರಿಚಿತನಾದರೆ 125 ಸಾಕು; ಯಾರೋ ಓಡಾಡಿದರು ಎಂದಷ್ಟೇ ತಿಳಿಯಲು 25. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ಅದು ಏಳೂವರೆ ಮೀಟರ್ ಅಗಲದವರೆಗೆ ಮಾತ್ರ ಮುಖ ಹಿಡಿದುಕೊಟ್ಟೀತು. ಗಲ್ಲಾಪೆಟ್ಟಿಗೆಗೆ, ಬಾಗಿಲಿಗೆ ಇಷ್ಟು ಧಾರಾಳ. ಮೂವತ್ತು ಮೀಟರ್ ಅಗಲದ ಲಾರಿ ಅಂಗಳದಲ್ಲಿ ಅದೇ ಕ್ಯಾಮೆರಾಕ್ಕೆ ಕಾಣುವುದು ಬರೀ ಆಕೃತಿ. ದುಬಾರಿ 8 ಮೆಗಾಪಿಕ್ಸೆಲ್ ತಂದು ತೂಗುಹಾಕಿದರೂ ಅಲ್ಲಿ ಮೀಟರ್‌ಗೆ 128 ಪಿಕ್ಸೆಲ್ ಮಾತ್ರ ಸಿಗುತ್ತದೆ. ಅಂಗಳಕ್ಕೆ ಅಗಲ ನೋಟದ 2.8 ಮಿಲಿಮೀಟರ್ ಲೆನ್ಸ್‌ನ ಒಂದು ಕ್ಯಾಮೆರಾ, ಎಲ್ಲರೂ ಹಾದುಹೋಗಲೇಬೇಕಾದ ಗೇಟಿಗೆ 6 ಮಿಲಿಮೀಟರ್‌ನ ಇನ್ನೊಂದು: ಜಾಣ ಖರೀದಿ ಎಂದರೆ ಇದು.

ತೆಲಂಗಾಣದ ಜಹೀರಾಬಾದ್ 65ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಊರು. ಇಲ್ಲಿನ ವ್ಯಾಪಾರಕ್ಕೆ ಲಾರಿಯ ನಂಬರ್ ಮುಖ್ಯ. ಸಾಮಾನ್ಯ ಕ್ಯಾಮೆರಾ ರಾತ್ರಿ ಹೆಡ್‌ಲೈಟ್ ಬೆಳಕಿಗೆ ಕುರುಡಾಗುತ್ತದೆ, ನಂಬರ್ ಪ್ಲೇಟ್ ಬೆಳ್ಳಗೆ ಕರಗಿಹೋಗುತ್ತದೆ. ತೂಕದ ಕಾಟಾದ ಬಳಿ ಶಟರ್ ವೇಗ ಹೆಚ್ಚಿಸಿಕೊಳ್ಳಬಲ್ಲ, ಕಿರಿದಾದ ನೋಟದ ಕ್ಯಾಮೆರಾ ಒಂದನ್ನು ಪ್ಲೇಟಿಗೆಂದೇ ಮೀಸಲಿಡಬೇಕು.

ಅದೇ ರಾಜ್ಯದ ತಾಂಡೂರಿನ ಸಂಕಟ ದೂಳು. ಸುತ್ತ ಸುಣ್ಣದಕಲ್ಲಿನ ಗಣಿ, ಊರೆಲ್ಲ ಫರಸಿ ಪಾಲಿಶ್ ಮಾಡುವ ಘಟಕಗಳು. ನೀರು ಬೆರೆತ ಕಲ್ಲಿನ ಪುಡಿ ಗಾಜಿನ ಮೇಲೆ ಒಣಗಿ ಗಾರೆಯಂತೆ ಹತ್ತುತ್ತದೆ. ಚೆಂದ ಕಾಣುವ ಗುಮ್ಮಟದಾಕಾರದ ಡೋಮ್ ಕ್ಯಾಮೆರಾ ಇಲ್ಲಿಗೆ ಸಲ್ಲದು. ರಾತ್ರಿ ಅದರ ಇನ್‌ಫ್ರಾರೆಡ್ ಬೆಳಕು ಮುಚ್ಚಳದ ದೂಳಿಗೆ ತಾಗಿ ಲೆನ್ಸಿಗೇ ಮರಳುತ್ತದೆ. ಪರದೆಯ ತುಂಬ ಮಂಜು. ಐಪಿ66 ಅಥವಾ ಐಪಿ67 ದರ್ಜೆಯ ಬುಲೆಟ್ ಕ್ಯಾಮೆರಾವೇ ಸರಿ. ಆ ಸಂಖ್ಯೆಯ ಮೊದಲ 6 ದೂಳು ಒಳಹೋಗದೆಂಬ ಭರವಸೆಯಷ್ಟೇ, ಹೊರಗಾಜು ಒರೆಸುವ ಕೆಲಸ ತಪ್ಪದು. ಕೈಗೆಟುಕದ ಎತ್ತರಕ್ಕೆ ಹಾಕಿದ ಕ್ಯಾಮೆರಾವನ್ನು ಯಾರೂ ಒರೆಸುವುದಿಲ್ಲ. 2022ರಲ್ಲಿ ಭೌಗೋಳಿಕ ಸೂಚಿ ಪಡೆದ ತಾಂಡೂರು ತೊಗರಿಯ ಅಡತಿ ಅಂಗಡಿಗಳಿಗೆ ತೊಂದರೆ ಬೇರೆ. ಒಳಗೆ ಮಬ್ಬು, ಹೊರಗೆ ಸುಡುಬಿಸಿಲು. ಬಾಗಿಲಲ್ಲಿ ನಿಂತವನ ಮುಖ ಕಪ್ಪು ನೆರಳಾಗುತ್ತದೆ. 120 ಡೆಸಿಬಲ್‌ನ ನಿಜವಾದ ಡಬ್ಲ್ಯೂಡಿಆರ್ (ಬೆಳಕು, ನೆರಳು ಎರಡನ್ನೂ ಸರಿದೂಗಿಸುವ ಸೌಲಭ್ಯ) ಇದ್ದರೆ ಮಾತ್ರ ಆ ಮುಖ ಕಂಡೀತು.

ನಾರಾಯಣಖೇಡದಂಥ ಸಣ್ಣ ಪಟ್ಟಣದಲ್ಲಿ ಒಂದೇ ಕಂಪನಿಗೆ ಕಟ್ಟುಬಿದ್ದರೆ ರಿಪೇರಿಯ ಹೊತ್ತಿಗೆ ಪೇಚಾಟ. ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಆರಂಭಿಸಿದ ಆನ್‌ವಿಫ್ ಮಾನದಂಡಕ್ಕೆ ಒಗ್ಗುವ ಕ್ಯಾಮೆರಾ ಕೊಂಡರೆ ಒಬ್ಬರ ರೆಕಾರ್ಡರಿಗೆ ಇನ್ನೊಬ್ಬರ ಕ್ಯಾಮೆರಾ ಜೋಡಿಸಬಹುದು. ವಿದ್ಯುತ್ತು, ಚಿತ್ರ ಎರಡನ್ನೂ ಒಂದೇ ಕೇಬಲ್ ಒಯ್ಯುವ ಪಿಒಇ ವ್ಯವಸ್ಥೆಗೆ 100 ಮೀಟರ್ ಮಿತಿ. ಕೇಬಲ್ ಅಪ್ಪಟ ತಾಮ್ರದ್ದಿರಲಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. 100 ಮೀಟರ್ ಮೀರಿದ ದೂರಕ್ಕೆ ಫೈಬರ್ ಎಳೆಯುವುದು ಲೇಸು, ಸಿಡಿಲಿನ ಹೊಡೆತವೂ ಅದರಲ್ಲಿ ಹರಿದುಬರದು. ರೆಕಾರ್ಡರ್, ಸ್ವಿಚ್ ಎರಡಕ್ಕೂ ಯುಪಿಎಸ್ ಬೇಕು. ಕರೆಂಟ್ ಹೋದಾಗಲೇ ಕ್ಯಾಮೆರಾದ ಕೆಲಸ ಹೆಚ್ಚು.

ಅವಿಭಜಿತ ಆಂಧ್ರದಲ್ಲಿ 2013ರಲ್ಲಿ ಬಂದ ಸಾರ್ವಜನಿಕ ಸುರಕ್ಷತಾ ಕಾಯ್ದೆ ತೆಲಂಗಾಣದಲ್ಲೂ ಇದೆ. ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ದೃಶ್ಯವನ್ನು 30 ದಿನ ಉಳಿಸಿಡಬೇಕೆನ್ನುತ್ತದೆ ಅದು. ಲೆಕ್ಕ ಸುಲಭ: ಸೆಕೆಂಡಿಗೆ 4 ಮೆಗಾಬಿಟ್ ಕಳಿಸುವ ಕ್ಯಾಮೆರಾ ದಿನಕ್ಕೆ 43 ಗಿಗಾಬೈಟ್ ತುಂಬುತ್ತದೆ, ಎಂಟು ಕ್ಯಾಮೆರಾಗಳಿಗೆ ತಿಂಗಳಿಗೆ ಹತ್ತು ಟೆರಾಬೈಟ್ ದಾಟುತ್ತದೆ. ಅಗ್ಗದ ಪ್ಯಾಕೇಜಿನ 1 ಟೆರಾಬೈಟ್ ಡಿಸ್ಕ್ ಮೂರು ದಿನದಲ್ಲೇ ಹಳೆಯದನ್ನು ಅಳಿಸತೊಡಗುತ್ತದೆ.

ಕಾಯುವ ಕ್ಯಾಮೆರಾಕ್ಕೇ ಕನ್ನ ಬಿದ್ದದ್ದೂ ಉಂಟು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಅಸಂಖ್ಯ ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತ್ತು. ಭಾರತದಲ್ಲಿ 2025ರ ಏಪ್ರಿಲ್ 9ರಿಂದ ಹೊಸ ಸಿಸಿ ಕ್ಯಾಮೆರಾ ಮಾದರಿಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ಎಸ್‌ಟಿಕ್ಯೂಸಿ ಎಂಬ ಸರ್ಕಾರಿ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಕೇಳಿ ಪಡೆಯಬೇಕು, ಪಾಸ್‌ವರ್ಡನ್ನು ಜೋಡಿಸಿದ ದಿನವೇ ಬದಲಿಸಬೇಕು.

ಕ್ಯಾಮೆರಾದ ಗಡಿಯಾರವೂ ಸರಿಯಿರಬೇಕು. ಸಮಯ ತಪ್ಪಿದ ದೃಶ್ಯ ಕೋರ್ಟಿನಲ್ಲಿ ಪ್ರಶ್ನೆಗಳಿಗೆ ಎಡೆ ಮಾಡುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ದೃಶ್ಯದ ಪ್ರತಿಯೊಂದಿಗೆ ಪ್ರಮಾಣಪತ್ರವನ್ನೂ ಕೊಡಬೇಕು.

ವ್ಯಾಪಾರಿಗಳು ಪೂರ್ತಿ ಹಣ ಕೊಡುವ ಮುನ್ನ ರಾತ್ರಿ ಹನ್ನೊಂದಕ್ಕೆ ತಮ್ಮದೇ ಗೇಟಿನಲ್ಲಿ ಒಬ್ಬರನ್ನು ನಡೆಸಿ, ರೆಕಾರ್ಡಾದ ಆ ಮುಖ ಗುರುತಾಗುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.