ದುಡಿ ಹುಡುಕಿದರೆ ದಾಡಿ

ಗ್ರಂಥಾಲಯ ತಂತ್ರಾಂಶದ ಮಾತು ಬಂದಲ್ಲೆಲ್ಲ ಜಾರ್ಜಿಯಾದ ಪೈನ್ಸ್ ಎಂಬ ಗ್ರಂಥಾಲಯ ಜಾಲದ ಕತೆ ಬಂದೇ ಬರುತ್ತದೆ. 2006ರ ಸೆಪ್ಟೆಂಬರ್, ಲೇಬರ್ ಡೇ ರಜೆ. ಅಮೆರಿಕದ ಆ ರಾಜ್ಯದ ಸುಮಾರು 250 ಸಾರ್ವಜನಿಕ ಗ್ರಂಥಾಲಯಗಳು ಖಾಸಗಿ ಕಂಪನಿಯ ತಂತ್ರಾಂಶಕ್ಕೆ ನಮಸ್ಕಾರ ಹಾಕಿ, ತಮ್ಮವರೇ ಎರಡು ವರ್ಷ ಕೂತು ಬರೆದ ಎವರ್‌ಗ್ರೀನ್‌ಗೆ ಒಟ್ಟಿಗೆ ದಾಟಿಕೊಂಡವು. ಒಂದೇ ಕ್ಯಾಟಲಾಗ್, ಒಂದೇ ಕಾರ್ಡು. ಒಂದು ದೊಡ್ಡ ಯಂತ್ರದ ಬದಲು ಸಾಧಾರಣ ಲಿನಕ್ಸ್ ಸರ್ವರ್‌ಗಳ ಗುಂಪು. ಅಂದಿನಿಂದ ಹಂಚಿಕೊಂಡ ಕ್ಯಾಟಲಾಗ್‌ಗಳ ಜಗತ್ತಿನಲ್ಲಿ ಸರ್ವರ್ ಬದಲಿಸುವುದಕ್ಕೆ ಒಂದು ವೀರಗಾಥೆಯ ಕಳೆ ಬಂದುಬಿಟ್ಟಿದೆ. ಯಾರೇ ಹೊಸ ಯಂತ್ರ ಕೂರಿಸಲಿ, ವರದಿಯಲ್ಲಿ ಅದೇ ಪಲ್ಲವಿ: ಮೆಮೊರಿ ಇಷ್ಟು ಹೆಚ್ಚಿತು, ಹುಡುಕಾಟ ಇಷ್ಟು ಸೆಕೆಂಡು ಇಳಿಯಿತು, ಇಡೀ ವ್ಯವಸ್ಥೆ ಇಷ್ಟೇ ಗಂಟೆ ನಿಂತಿತ್ತು.

ಈ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ತಕರಾರು. ಜಾರ್ಜಿಯಾದವರ ಸಾಹಸವನ್ನು ನಾನು ಅಲ್ಲಗಳೆಯುತ್ತಿಲ್ಲ. ಡಿಸ್ಕ್ ಸಾಯುವ ಮುಂಚೆ ಬದಲಿಸಬೇಕು ಎಂಬುದನ್ನೂ ಒಪ್ಪುತ್ತೇನೆ. ಆದರೆ ಕ್ಯಾಟಲಾಗ್ ಇರುವುದು ಓದುಗನಿಗೆ ಪುಸ್ತಕ ಸಿಗಲಿ ಎಂದು. 'ಸಿಗಲಿಲ್ಲ' ಎಂಬ ಉತ್ತರ ಮೂರು ಸೆಕೆಂಡಿಗೆ ಬರುತ್ತಿದ್ದದ್ದು ಅರ್ಧ ಸೆಕೆಂಡಿಗೆ ಬಂದರೆ ಅದನ್ನು ಸುಧಾರಣೆ ಎಂದು ಯಾಕೆ ಕರೆಯಬೇಕು?

ಒಂದೇ ಒಂದು ಪುಸ್ತಕ ತೆಗೆದುಕೊಳ್ಳುತ್ತೇನೆ. ಕಾರಂತರ 'ಚೋಮನ ದುಡಿ', 1933. ಕೆಲವು ತಿಂಗಳ ಹಿಂದೆ ಒಂದು ಕಾಲೇಜು ಗ್ರಂಥಾಲಯದಲ್ಲಿ ಕೂತು ಇದನ್ನು ಹುಡುಕಿದೆ. ಸರ್ವರ್ ಹೊಸದು, ಪೆಟ್ಟಿಗೆಯ ಥರ್ಮೋಕೋಲ್ ಇನ್ನೂ ಮೂಲೆಯಲ್ಲೇ ಇತ್ತು. ಕನ್ನಡದಲ್ಲಿ ಹೊಡೆದೆ, ಇಲ್ಲ. ನಾವೆಲ್ಲ ಮೊಬೈಲಿನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ, ಸಿ ಪಕ್ಕ ಎಚ್ ಇಟ್ಟು ಹೊಡೆದೆ, ಇಲ್ಲ. ಆಚೆ ಮೇಜಿನಿಂದ ಗ್ರಂಥಪಾಲಕಿ ಕತ್ತೆತ್ತದೆಯೇ ಹೇಳಿದರು: 'ಸರ್, ಎಚ್ ತೆಗೆದು ಹೊಡೀರಿ.' ಬಂತು.

ಆ ಎಚ್‌ನ ಹಿಂದೆ ಒಂದು ಇತಿಹಾಸವೇ ಇದೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸುತ್ತ ಬಂದಿದೆ, ಕನ್ನಡದವೂ ಸೇರಿ. ಅವುಗಳ ಹೆಸರನ್ನು ರೋಮನ್ ಲಿಪಿಗೆ ಇಳಿಸಲು ಅಲ್ಲೊಂದು ಕೋಷ್ಟಕವಿದೆ. ಅದರಲ್ಲಿ 'ಚ'ಕ್ಕೆ ಬರೀ ಸಿ. ಸಿ ಮತ್ತು ಎಚ್ ಕೂಡಿದರೆ 'ಛ'. ಶಾಸ್ತ್ರಕ್ಕೆ ಇದು ಸರಿ: ಅಲ್ಪಪ್ರಾಣಕ್ಕೊಂದು, ಮಹಾಪ್ರಾಣಕ್ಕೊಂದು. ಆದರೆ ತನ್ನ ಹೆಸರಿನ ಚಂದ್ರಶೇಖರನನ್ನು ಬರೀ ಸಿ ಹಾಕಿ ಬರೆಯುವ ಕನ್ನಡಿಗನನ್ನು ನಾನಂತೂ ಕಂಡಿಲ್ಲ. ನಮ್ಮ ಕಾಲೇಜುಗಳು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ಕೂತು, ಕ್ಯಾಟಲಾಗ್‌ಗಳು ಪರಸ್ಪರ ಹುಡುಕಲು ಬಳಸುವ ಝಡ್39.50 ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಿದ್ಧ ರೆಕಾರ್ಡ್ ಇಳಿಸಿಕೊಳ್ಳುತ್ತವೆ. ಪುಸ್ತಕ ಇಲ್ಲಿಂದ ವಾಷಿಂಗ್ಟನ್ನಿಗೆ ಹೋಯಿತು, ಅದರ ಹೆಸರು ಎಚ್ ಕಳೆದುಕೊಂಡು ಊರಿಗೆ ಮರಳಿತು.

ಇದನ್ನು ಕೇಳಿದೊಡನೆ ನನ್ನ ಕೆಲವು ವಿಮರ್ಶಕ ಮಿತ್ರರು 'ವಸಾಹತುಶಾಹಿ' ಎಂದು ಎದ್ದು ನಿಲ್ಲುತ್ತಾರೆ. ಸ್ವಲ್ಪ ಕೂತುಕೊಳ್ಳಿ. ಗ್ರಂಥಾಲಯಗಳು ಪುಸ್ತಕದ ವಿವರ ಬರೆದಿಡುವ ಮಾದರಿಯಾದ ಮಾರ್ಕ್‌ನ ರೆಕಾರ್ಡ್‌ಗಳು ಬಹುಕಾಲ ಬಳಸಿದ ಮಾರ್ಕ್-8 ಅಕ್ಷರಪಟ್ಟಿಯಲ್ಲಿ ಅರಬ್ಬಿ, ಹೀಬ್ರೂ, ಚೀನಿ, ಜಪಾನಿಗಳಿಗೆ ಜಾಗವಿತ್ತು, ಭಾರತದ ಲಿಪಿಗಳಿಗೆ ಇರಲಿಲ್ಲ. ಯೂನಿಕೋಡ್ ಒಪ್ಪಿತವಾಗುವವರೆಗೆ ಕನ್ನಡ ಹೆಸರನ್ನು ಕನ್ನಡದಲ್ಲಿ ಇಡಲು ದಾರಿಯೇ ಇರಲಿಲ್ಲ. ರೋಮನ್ ರೆಕಾರ್ಡ್‌ಗಳನ್ನೆಲ್ಲ ಕಿತ್ತೆಸೆಯಿರಿ ಎನ್ನುವವರು ದಶಕಗಳ ದುಡಿಮೆಯನ್ನೇ ಎಸೆಯಿರಿ ಎನ್ನುತ್ತಿದ್ದಾರೆ. ಆ ದುಡಿಮೆ ನಡೆಯದಿದ್ದರೆ ಹಳೆಯ ಎಷ್ಟೋ ಕನ್ನಡ ಪುಸ್ತಕಗಳಿಗೆ ಯಾವ ಕ್ಯಾಟಲಾಗಿನಲ್ಲೂ ವಿಳಾಸ ಇರುತ್ತಿರಲಿಲ್ಲ.

ಇನ್ನೊಂದು ಬಣ, ಕಂಪ್ಯೂಟರ್ ಕನ್ನಡದ ಉತ್ಸಾಹಿಗಳದು. 'ಯೂನಿಕೋಡ್ ಬಂತಲ್ಲ, ಇನ್ನೇನು?' ಎನ್ನುತ್ತಾರೆ. ಇವರ ಜೊತೆ ಜಗಳ ಇನ್ನೂ ದೊಡ್ಡದು, ಯಾಕೆಂದರೆ ಅರ್ಧ ಸರಿಯಿರುವವರನ್ನು ಒಪ್ಪಿಸುವುದು ಕಷ್ಟ. ಮಾರ್ಕ್‌ನಲ್ಲಿ ಮೂಲ ಲಿಪಿಗೆಂದೇ 880 ಎಂಬ ಫೀಲ್ಡ್ ಇದೆ. ಅದರಲ್ಲಿ 'ಚೋಮನ ದುಡಿ' ಎಂದು ಚಂದವಾಗಿ ಕನ್ನಡದಲ್ಲೇ ಬರೆದಿಡಬಹುದು. ಆದರೆ ಹುಡುಕಾಟ ರೆಕಾರ್ಡನ್ನು ಮುಟ್ಟುವುದಿಲ್ಲ, ರೆಕಾರ್ಡಿನಿಂದ ಕಟ್ಟಿದ ಇಂಡೆಕ್ಸನ್ನು ಮುಟ್ಟುತ್ತದೆ. ಇಂಡೆಕ್ಸಿಗೆ ಇಳಿಯುವ ಮುನ್ನ ಪದಗಳಿಗೆ ಒಂದು ಕ್ಷೌರ ಆಗುತ್ತದೆ, ಅದಕ್ಕೆ ನಾರ್ಮಲೈಸೇಶನ್ ಎಂದು ಹೆಸರು. ಫ್ರೆಂಚ್, ಜರ್ಮನ್ ಹೆಸರುಗಳ ಮೇಲಿನ ಚುಕ್ಕಿ, ಗೀಟುಗಳನ್ನು ತೆಗೆದು ಹುಡುಕುವುದನ್ನು ಸಲೀಸು ಮಾಡಲು ಹುಟ್ಟಿದ ಪದ್ಧತಿ ಇದು. ಮೂಲ ಅಕ್ಷರಕ್ಕೆ ಅಂಟುವ ಚಿಹ್ನೆಗಳನ್ನೆಲ್ಲ ಅಳಿಸು ಎಂದು ಲಿಪಿ ನೋಡದೆ ಬರೆದರೆ ಆಗುವ ಅನಾಹುತ ನೋಡಿ. ಯೂನಿಕೋಡಿನ ಲೆಕ್ಕದಲ್ಲಿ ನಮ್ಮ ಗುಣಿತದ ಚಿಹ್ನೆಗಳೂ, ಒತ್ತಕ್ಷರ ಕಟ್ಟುವ ವಿರಾಮವೂ ಅದೇ 'ಅಂಟುವ ಚಿಹ್ನೆ'ಗಳ ವರ್ಗಕ್ಕೆ ಸೇರಿವೆ. ಫ್ರೆಂಚರಿಗೆ ಅಲಂಕಾರವಾದದ್ದು ನಮಗೆ ಸ್ವರ. ಕತ್ತರಿಗೆ ಆ ವ್ಯತ್ಯಾಸ ತಿಳಿಯದು. 'ಕನ್ನಡ' 'ಕನನಡ' ಆಗುತ್ತದೆ. 'ಚೋಮನ ದುಡಿ' 'ಚಮನ ದಡ' ಆಗುತ್ತದೆ. ಇಂಡೆಕ್ಸಿನೊಳಗೆ ದುಡಿ, ದಡಿ, ದಾಡಿ, ದಡ ಎಲ್ಲವೂ ಒಂದೇ. ಚೋಮ ಬಾರಿಸಿದ್ದು ಯಾವುದನ್ನು ಎಂದು ಆ ಯಂತ್ರವನ್ನು ಕೇಳಿ ಪ್ರಯೋಜನವಿಲ್ಲ.

ಕತ್ತರಿ ಹಾಕದಿದ್ದರೂ ಮುಗಿಯಲಿಲ್ಲ. 'ಚೋ'ದ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಚಿಹ್ನೆ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಒಂದು ರೂಪಕ್ಕೆ ತರದ ಇಂಡೆಕ್ಸಿಗೆ ಅವು ಬೇರೆ ಬೇರೆ ಪುಸ್ತಕ.

ಸರ್ವರ್ ಬದಲಿಸುವ ಕೆಲಸಕ್ಕೆ ನಿಜವಾದ ಬೆಲೆ ಬರುವುದು ಇಲ್ಲೇ, ಅದರ ವರದಿಗಳು ಮೌನವಾಗುವುದೂ ಇಲ್ಲೇ. ಹೊಸ ಯಂತ್ರಕ್ಕೆ ಹೋಗುವಾಗ ಇಂಡೆಕ್ಸ್ ಮತ್ತೆ ಕಟ್ಟುವ ಅವಕಾಶ ತಾನಾಗಿ ಒದಗುತ್ತದೆ. ದೊಡ್ಡ ಕ್ಯಾಟಲಾಗಿಗೆ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುವ ಕೆಲಸ. ರಜೆಯೊಳಗೆ ಮುಗಿಸುವ ಅವಸರದಲ್ಲಿ ಹಳೆಯ ಇಂಡೆಕ್ಸನ್ನೇ ಹೊತ್ತು ತರುವ ಆಸೆ ಹುಟ್ಟುತ್ತದೆ. ಆ ಆಸೆಗೂ ದಂಡ ಉಂಟು. 2018ರಲ್ಲಿ ಲಿನಕ್ಸಿನ ಮೂಲ ತಂತ್ರಾಂಶಗಳಲ್ಲೊಂದಾದ ಜಿಲಿಬ್‌ಸಿಯ 2.28 ಆವೃತ್ತಿ ಪದಗಳ ಅನುಕ್ರಮದ ನಿಯಮಗಳನ್ನು ಬದಲಿಸಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಂಡವರು ಆಪರೇಟಿಂಗ್ ಸಿಸ್ಟಂ ಮೇಲೇರಿಸಿ, ಇಂಡೆಕ್ಸ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರೆ, ಟೇಬಲ್ಲಿನಲ್ಲಿ ಇರುವ ಸಾಲು ಹುಡುಕಿದಾಗ ಸಿಗದೆ ಹೋಗುತ್ತಿತ್ತು. ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಸರ್ವರ್ ನಿಂತಿರುವುದಿಲ್ಲ. ವರದಿಯ ಪ್ರಕಾರ ಎಲ್ಲವೂ ಸುಸೂತ್ರ.

ಪರಿಹಾರ ದುಬಾರಿಯೇನಲ್ಲ. ಮಾರ್ಕ್‌ನಲ್ಲಿ 246 ಎಂಬ ಫೀಲ್ಡ್ ಇದೆ, ಪುಸ್ತಕದ ಪರ್ಯಾಯ ಹೆಸರುಗಳಿಗೆ. ಅಲ್ಲಿ ಎಚ್ ಇರುವ ರೂಪವನ್ನು ಸೇರಿಸಿದರೆ ಸಾಕು, ನನ್ನಂಥವನ ಕೈಗೂ ಪುಸ್ತಕ ಸಿಗುತ್ತದೆ. ಒಂದು ಸಾಲು, ಒಂದು ನಿಮಿಷ. ಆ ಗ್ರಂಥಪಾಲಕಿ ಬಾಯಲ್ಲಿ ಹೇಳಿದ್ದನ್ನು ಕ್ಯಾಟಲಾಗೇ ಹೇಳುವಂತೆ ಮಾಡುವ ಕೆಲಸ. ಆದರೆ ಅದಕ್ಕೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ, ಬಜೆಟ್ಟಿನಲ್ಲಿ ತೋರಿಸಲು ಪೆಟ್ಟಿಗೆಯೂ ಇಲ್ಲ.

ಹೊಸ ಸರ್ವರಿಗೆ ಕೊಟೇಶನ್ ಕರೆಯಲು ಹೊರಟಿರುವ ಗ್ರಂಥಾಲಯದವರಲ್ಲಿ ಒಂದು ಬೇಡಿಕೆ. ಕೋರ್ ಎಷ್ಟು, ಮೆಮೊರಿ ಎಷ್ಟು ಎಂದು ಬರೆದ ಷರತ್ತುಗಳ ಕೆಳಗೆ ದಯವಿಟ್ಟು ಇನ್ನೊಂದನ್ನು ಸೇರಿಸಿ: ದುಡಿ ಎಂದು ಹುಡುಕಿದರೆ ದಾಡಿ ಬರಬಾರದು.