ಕೊನೆಗೆ ಉಳಿದ ಹುಡುಗ

ಮಂಗಳೂರಿನಲ್ಲಿ ಮಳೆ ಹಿಡಿದಿದೆ. ನೆಹರೂ ಮೈದಾನದಿಂದ ಅಂಡರ್‌ಆರ್ಮ್ ಕ್ರಿಕೆಟ್ಟಿನ ಪೆಂಡಾಲುಗಳು ಎದ್ದು ಹೋಗಿ, ಕೆಸರಿನಲ್ಲಿ ಮಕ್ಕಳ ಫುಟ್‌ಬಾಲ್ ಶುರುವಾಗಿದೆ.

ಆಟಕ್ಕೆ ಮುನ್ನ ಇಬ್ಬರು ಕ್ಯಾಪ್ಟನ್‌ಗಳು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಎತ್ತರದವನು ಮೊದಲು, ಜೋರಾಗಿ ಓಡುವವನು ಆಮೇಲೆ, ಚೆಂಡು ತಂದವನು ಮೂರನೆಯವನು. ಕೊನೆಗೊಬ್ಬ ಉಳಿಯುತ್ತಾನೆ. ಅವನನ್ನು ಯಾರೂ ಆರಿಸುವುದಿಲ್ಲ, ಯಾರದೋ ಪಾಲಿಗೆ ಬರುತ್ತಾನೆ ಅಷ್ಟೆ. ‘ನೀನು ಗೋಲಿಗೆ ನಿಲ್ಲು’ ಎಂದರೆ ಮುಗಿಯಿತು. ತರಗತಿಯಲ್ಲಿ ಅಡ್ಡಹೆಸರು ಹೊತ್ತವನು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡಬೇಕಾದವನು, ಉತ್ತರ ಗೊತ್ತಿದ್ದೂ ಕೈ ಎತ್ತದವನು ಹೆಚ್ಚಾಗಿ ಅವನೇ. ಫುಟ್‌ಬಾಲ್ ಮಕ್ಕಳಲ್ಲಿ ಧೈರ್ಯ ತುಂಬುತ್ತದೆ ಎಂದು ವೇದಿಕೆಯಲ್ಲಿ ಹೇಳುವವರು ಈ ಆಯ್ಕೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊದಲ ವಿಸಿಲ್‌ಗೂ ಮುಂಚೆ, ಎಲ್ಲರೆದುರು, ಒಂದು ಮಗುವಿಗೆ ಬೆಲೆ ಕಟ್ಟಿ ಆಗಿರುತ್ತದೆ.

ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವುದರ ಬಗ್ಗೆ 1970ರ ದಶಕದಿಂದಲೇ ಅಧ್ಯಯನ ಮಾಡಿದ ಡಾನ್ ಓಲ್ವೇಯಸ್ ಅದಕ್ಕೆ ಮೂರು ಗುರುತು ಹೇಳಿದ್ದರು. ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಇಬ್ಬರ ಬಲ ಸಮ ಇಲ್ಲದಿರುವುದು. ಮೂರನೆಯದೇ ಮುಖ್ಯ. ಆ ಅಸಮತೆಯನ್ನು ಆಟ ಮುರಿಯಲೂಬಹುದು, ಅದಕ್ಕೊಂದು ಸಮವಸ್ತ್ರ ತೊಡಿಸಿ ಗಟ್ಟಿ ಮಾಡಲೂಬಹುದು.

ಮುರಿಯುವ ಶಕ್ತಿ ಫುಟ್‌ಬಾಲಿಗೆ ಎಲ್ಲಿಂದ ಬಂತು? ಪಾಸ್‌ನಿಂದ. ಚೆಂಡು ಕಾಲಲ್ಲಿದ್ದವನು ಹುಡುಕುವುದು ಖಾಲಿ ನಿಂತವನನ್ನು. ಖಾಲಿ ನಿಂತವನೆಂದರೆ ಎದುರಾಳಿಗಳು ಲೆಕ್ಕಕ್ಕೇ ತೆಗೆದುಕೊಳ್ಳದವನು. ತರಗತಿಯಲ್ಲಿ ಕಡೆಗಣಿಸಿಕೊಂಡವನು ಇಲ್ಲಿ ಅದೇ ಕಾರಣಕ್ಕೆ ಬೇಕಾದವನಾಗುತ್ತಾನೆ. ಇನ್ನೊಂದು ಮಾತೂ ಇದೆ. ನಾರ್ವೆಯ ಸಂಶೋಧಕ ಗೇರ್ ಯೂರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 118 ಆಟಗಾರರ ವಿಡಿಯೊ ನೋಡಿ, ಚೆಂಡು ಬರುವ ಮುಂಚೆ ಹೆಚ್ಚು ಸಲ ಹೆಗಲಾಚೆ ಕಣ್ಣು ಹಾಯಿಸುವವರ ಪಾಸ್‌ಗಳೇ ಹೆಚ್ಚು ಗುರಿ ಮುಟ್ಟುತ್ತವೆ ಎಂದು ತೋರಿಸಿದರು. ಹಿಂದಿನಿಂದ ಯಾರು ಬರುತ್ತಿದ್ದಾರೋ ಎಂದು ದಿನವಿಡೀ ನೋಡಿಕೊಂಡೇ ಬದುಕುವ ಮಗುವಿಗೆ ಆ ಅಭ್ಯಾಸ ಮೊದಲೇ ಇದೆ. ಅದು ಪಡಬಾರದ ಪಾಡಿನಿಂದ ಬಂದದ್ದು. ಆದರೂ ಅದನ್ನು ಗುರುತಿಸಿ ‘ನೀನು ಚೆನ್ನಾಗಿ ನೋಡ್ತೀ’ ಎಂದು ಹೇಳಬಲ್ಲ ಕೋಚ್ ಸಿಕ್ಕರೆ, ಹೆದರಿಕೆ ಕಲಿಸಿದ್ದೇ ಆಟದಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದು ಈ ಅಂಕಣದ ಗಟ್ಟಿ ನಂಬಿಕೆ.

ಅಂಥ ಕೋಚ್‌ಗಿಂತ ಹೆಚ್ಚಾಗಿ ಸಿಗುವುದು ಎತ್ತರ ಅಳೆಯುವ ಕೋಚ್. ಎಂಟು ವರ್ಷಕ್ಕೇ ‘ಎ’ ಟೀಮ್, ‘ಬಿ’ ಟೀಮ್; ‘ಬಿ’ ಟೀಮಿನವರಿಗೆ ಟರ್ಫ್‌ನ ಮೂಲೆ. 1985ರಲ್ಲೇ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಜೋಡಿಸಿ ನೋಡಿ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿದ್ದಾರೆಂದು ಬಯಲು ಮಾಡಿದ್ದರು. ವಯೋಮಿತಿಯ ಗೆರೆ ಜನವರಿ 1ಕ್ಕೆ ಬಿದ್ದರೆ ಜನವರಿಯ ಹುಡುಗನೂ ಡಿಸೆಂಬರಿನ ಹುಡುಗನೂ ಒಂದೇ ವಯಸ್ಸಿನವರೆನಿಸುತ್ತಾರೆ, ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆ ಇದ್ದರೂ. ಕೋಚ್ ಪ್ರತಿಭೆ ಆರಿಸಿದೆನೆಂದುಕೊಳ್ಳುತ್ತಾನೆ, ನಿಜದಲ್ಲಿ ಆರಿಸಿದ್ದು ಕ್ಯಾಲೆಂಡರನ್ನು. ಕಾಯುವುದು ನಮಗೇನೂ ಹೊಸದಲ್ಲ. ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಕರ್ನಾಟಕ 1968-69ರ ನಂತರ ಮತ್ತೆ ಎತ್ತಲು 2023ರ ಮಾರ್ಚ್ 4ರವರೆಗೆ ಕಾಯಬೇಕಾಯಿತು. ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ದಿನ ಅದು. ಅಷ್ಟು ವರ್ಷ ಕಾದ ರಾಜ್ಯ ಹತ್ತು ವರ್ಷದ ಡಿಸೆಂಬರ್ ಹುಡುಗನಿಗೆ ಇನ್ನೆರಡು ವರ್ಷ ಕಾಯಬಾರದೇ?

ಫ್ರಾನ್ಸಿನ ಆಟಗಾರ ಎನ್‌ಗೊಲೊ ಕಾಂಟೆಯನ್ನು ನೆನೆಯಿರಿ. ಪ್ಯಾರಿಸ್ ಪಕ್ಕದ ಸುರೇನ್‌ನ ಸಣ್ಣ ಕ್ಲಬ್ಬಿನಲ್ಲಿ ಬೆಳೆದ ಕುಳ್ಳ, ಮಾತೇ ಆಡದ ಹುಡುಗ. ದೊಡ್ಡ ಅಕಾಡೆಮಿಗಳಿಗೆ ಅವನು ಬೇಡವಾಗಿದ್ದ. 2016ರಲ್ಲಿ ಲೆಸ್ಟರ್‌ಗೆ, 2017ರಲ್ಲಿ ಚೆಲ್ಸಿಗೆ ಲೀಗ್ ಪ್ರಶಸ್ತಿ, 2018ರಲ್ಲಿ ಫ್ರಾನ್ಸ್‌ಗೆ ವಿಶ್ವಕಪ್. ಮಾಸ್ಕೋದಲ್ಲಿ ಆ ಕಪ್ ಕೈಗೆ ಕೊಡಿ ಎಂದು ಕೇಳುವುದಕ್ಕೂ ಅವರಿಗೆ ಸಂಕೋಚ. ಸಹ ಆಟಗಾರ ಸ್ಟೀವನ್ ಎನ್‌ಜೊಂಜಿ ತಾವೇ ತಂದು ಹಿಡಿಸಬೇಕಾಯಿತು. ನಾಚಿಕೆ ಎಲ್ಲಿಗೂ ಹೋಗಿರಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಮಗ ಮೈದಾನದಲ್ಲಿ ಕಿರುಚಾಡುತ್ತಿಲ್ಲ ಎಂದು ಕೊರಗುವ ತಂದೆತಾಯಿ ಇದನ್ನು ಗಮನಿಸಬೇಕು. ಆತ್ಮವಿಶ್ವಾಸಕ್ಕೆ ಗಂಟಲು ಬೇಕಿಲ್ಲ. ಚೆಂಡು ತನ್ನ ಕಡೆ ಬಂದಾಗ ಆ ಮಗು ಹಿಂದೆ ಸರಿಯದಿದ್ದರೆ ಸಾಕು.

ಆ ಚೆಂಡು ಪ್ರತಿ ಮಗುವಿನ ಕಡೆಗೂ ಬರುವಂತೆ ಜರ್ಮನಿಯ ಫುಟ್‌ಬಾಲ್ ಸಂಸ್ಥೆ 2024-25ರ ಋತುವಿನಿಂದ ಹನ್ನೊಂದರೊಳಗಿನ ಮಕ್ಕಳ ಆಟದ ಸ್ವರೂಪವನ್ನೇ ಬದಲಿಸಿದೆ. ತೀರ ಚಿಕ್ಕವರಿಗೆ ಇಬ್ಬರು ಅಥವಾ ಮೂವರ ತಂಡ, ನಾಲ್ಕು ಪುಟ್ಟ ಗೋಲುಗಳು, ಕೀಪರ್ ಇಲ್ಲ, ಲೀಗ್ ಪಟ್ಟಿಯೂ ಇಲ್ಲ. ಮೂವರ ತಂಡದಲ್ಲಿ ಒಬ್ಬನಿಗೆ ಚೆಂಡು ಕೊಡದೆ ಆಡಲು ಸಾಧ್ಯವಿಲ್ಲ. ಡಾರ್ಟ್ಮಂಡ್ ಕ್ಲಬ್ಬಿನ ಹಾನ್ಸ್ ಯೋಆಖಿಮ್ ವಾಟ್ಸ್ಕೆ ಇದನ್ನು ಬಹಿರಂಗವಾಗಿಯೇ ಟೀಕಿಸಿದರು. ಸೋಲಿನ ರುಚಿ ಕಾಣದ ಮಗು ಗೆಲ್ಲುವ ಬಲ ಗಳಿಸದು ಎಂಬುದು ಅವರ ವಾದದ ಸಾರ. ನಮ್ಮಲ್ಲೂ ಇದನ್ನೇ ಹೇಳುವವರಿದ್ದಾರೆ. ಆದರೆ ಪೀಡನೆಗೆ ಸಿಕ್ಕ ಮಗುವಿಗೆ ಸೋಲಿಗೇನು ಕೊರತೆ? ಬೆಳಗ್ಗೆ ಪ್ರಾರ್ಥನೆಯ ಸಾಲಿನಿಂದ ಸಂಜೆಯ ಬಸ್ಸಿನವರೆಗೆ ಆ ಮಗು ಉಣ್ಣುವುದು ಸೋಲನ್ನೇ. ಅದಕ್ಕೆ ಬೇಕಿರುವುದು ಚೆಂಡಿನ ಸ್ಪರ್ಶ.

ಬೆಂಗಳೂರಿನ ‘ಡ್ರೀಮ್ ಎ ಡ್ರೀಮ್’ ಸಂಸ್ಥೆ ಇದನ್ನು ಅರಿತಿದೆ. 1999ರಲ್ಲಿ ಶುರುವಾದ ಈ ಸಂಸ್ಥೆ ಬಡ ಮಕ್ಕಳಿಗೆ ಫುಟ್‌ಬಾಲ್ ಮೂಲಕ ಜೀವನ ಕೌಶಲ ಕಲಿಸಿದೆ. ಮಕ್ಕಳ ಬದಲಾವಣೆ ಅಳೆಯಲು ಅದರವರು ಮನಶ್ಶಾಸ್ತ್ರಜ್ಞರೊಂದಿಗೆ ಸೇರಿ 2014ರಲ್ಲಿ ಪ್ರಕಟಿಸಿದ ಮಾಪಕ ಐದೇ ಸಂಗತಿ ನೋಡುತ್ತದೆ: ಇತರರೊಂದಿಗೆ ಬೆರೆಯುವುದು, ತೊಡಕು ಬಿಡಿಸುವುದು, ತಾನಾಗಿ ಮುಂದಾಗುವುದು, ಜಗಳ ನಿಭಾಯಿಸುವುದು, ಹೇಳಿದ್ದನ್ನು ಅರಿತು ನಡೆಯುವುದು. ಗೋಲುಗಳ ಲೆಕ್ಕ ಅದರಲ್ಲಿಲ್ಲ.

ಮಂಗಳೂರಿನಲ್ಲಿ ಇಂಥ ಆಟಕ್ಕೆ ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಬಂದರಿನಿಂದ ದೋಣಿ ಹತ್ತಿದರೆ ಹೊಳೆಯಾಚೆ ಬೆಂಗ್ರೆ. ಹೊಳೆಗೂ ಕಡಲಿಗೂ ನಡುವಿನ ಮರಳ ಪಟ್ಟಿ. ಕಸಬಾ ಬೆಂಗ್ರೆಯ ಫುಟ್‌ಬಾಲ್ ಪ್ರೀತಿ ಊರಿಗೇ ಗೊತ್ತು. ಸಡಿಲ ಮರಳಿನಲ್ಲಿ ದೊಡ್ಡವನ ಓಟಕ್ಕೆ ವೇಗ ಸಿಗದು, ಬಿದ್ದರೆ ಮಂಡಿ ತರಚದು, ಸಣ್ಣವನಿಗೆ ತಿರುಗಲು ಒಂದು ಗಳಿಗೆ ಹೆಚ್ಚು ಸಿಗುತ್ತದೆ. ಅಂಜುವ ಮಗುವಿನ ಮೊದಲ ಪಾಠಕ್ಕೆ ಕಡಲ ತಡಿಗಿಂತ ಒಳ್ಳೆಯ ಅಂಗಳವಿಲ್ಲ. ಜೊತೆಗೆ ಶಾಲೆಗಳು ಎರಡು ನಿಯಮ ಪಾಲಿಸಲಿ. ತಂಡ ಮಾಡುವುದು ಮೇಷ್ಟ್ರು, ಕ್ಯಾಪ್ಟನ್‌ಗಳಲ್ಲ. ಗೋಲಿಗೆ ನಿಲ್ಲುವ ಸರದಿ ಎಲ್ಲರದು.

ಗೋಲಿನ ಮಾತು ಬಂದಾಗ ಸಾಹಿತಿ ಆಲ್ಬರ್ಟ್ ಕಮೂ ನೆನಪಾಗದೆ ಇರುವುದಿಲ್ಲ. ಅಲ್ಜೀರ್ಸ್‌ನ ಬಡ ಬೀದಿಯ, ತಂದೆಯಿಲ್ಲದ ಹುಡುಗ. ಅವರ ಮರಣಾನಂತರ 1994ರಲ್ಲಿ ಪ್ರಕಟವಾದ ‘ದಿ ಫಸ್ಟ್ ಮ್ಯಾನ್’ ಕಾದಂಬರಿಯಲ್ಲಿ ಶಾಲೆಯ ಸಿಮೆಂಟಿನ ಅಂಗಳದಲ್ಲಿ ಫುಟ್‌ಬಾಲ್ ಆಡಿ ಬಂದ ಹುಡುಗನ ಬೂಟಿನ ಅಟ್ಟೆಯನ್ನು ಅಜ್ಜಿ ಸಂಜೆ ತಿರುಗಿಸಿ ನೋಡುತ್ತಾಳೆ; ಸವೆದಿದ್ದರೆ ಏಟು. ಹೊಡೆತ ಖಚಿತವೆಂದು ಗೊತ್ತಿದ್ದೂ ಮರುದಿನ ಮತ್ತೆ ಆಡಲಿಳಿಯುವ ಆ ಹುಡುಗನನ್ನು ಓದಿದವರಿಗೆ, ಆಟ ಒಂದು ಮಗುವಿಗೆ ಏನಾಗಬಲ್ಲದು ಎಂದು ಬೇರೆ ಹೇಳಬೇಕಿಲ್ಲ. ಕಮೂ ಸ್ವತಃ ಆರ್‌ಯುಎ ಕ್ಲಬ್ಬಿನ ಕಿರಿಯರ ತಂಡದ ಕೀಪರ್ ಆಗಿದ್ದರು. ಹದಿನೇಳಕ್ಕೆ ಕ್ಷಯ ತಗುಲಿ ಆಟ ನಿಂತಿತು. 1957ರ ಅಕ್ಟೋಬರಿನಲ್ಲಿ ನೊಬೆಲ್ ಘೋಷಣೆಯಾದ ಕೆಲವೇ ದಿನಗಳಲ್ಲಿ ಅವರು ಪ್ಯಾರಿಸ್‌ನ ಪಾರ್ಕ್ ದೆ ಪ್ರಾನ್ಸ್‌ನಲ್ಲಿ ರೇಸಿಂಗ್ ಮತ್ತು ಮೊನಾಕೊ ಪಂದ್ಯ ನೋಡುತ್ತಿದ್ದರು. ಮೈಕ್ ಹಿಡಿದು ಬಂದ ವರದಿಗಾರ, ರೇಸಿಂಗ್‌ನ ಕೀಪರ್ ಇಂದು ಲಯದಲ್ಲಿಲ್ಲವಲ್ಲ ಎಂದ. ಕಮೂ ಒಪ್ಪಲಿಲ್ಲ. ಆ ಕಂಬಗಳ ನಡುವೆ ನಿಂತವನಿಗಷ್ಟೇ ಅದರ ಕಷ್ಟ ಗೊತ್ತು, ಅವನನ್ನು ದೂರುವುದು ಬೇಡ ಎಂಬರ್ಥದ ಮಾತು ಹೇಳಿ ಕೀಪರ್‌ನ ಪರ ನಿಂತರು.